ಕಿತ್ತುಕೊಟ್ಟ ಅಸ್ತರು

ಮಡಗಾಂವಿನ ಮಾರ್ಕೆಟ್ಟಿನಲ್ಲಿ ವಿರೂಪಾಕ್ಷಪ್ಪನವರ ಬಟ್ಟೆ ಅಂಗಡಿ ಎಂದರೆ ಜನ ದಾರಿ ತೋರಿಸುತ್ತಿದ್ದರು. ಅವರ ಮಗ ಸೋಮಲಿಂಗಪ್ಪ ಎಂದರೆ ಮೊದಲು ನಕ್ಕು ಆಮೇಲೆ ದಾರಿ ತೋರಿಸುತ್ತಿದ್ದರು. ಧಾರವಾಡದಲ್ಲಿ ಬಿ.ಎ. ಮುಗಿಸಿ ಬಂದಿದ್ದ. ಬಿ.ಎ. ಅಂದರೆ ‘ಬಟ್ಟೆ ಅಂಗಡಿ’ ಎಂದು ಅವನೇ ಬಿಡಿಸಿ ಹೇಳುತ್ತಿದ್ದ, ಬೇರೆ ಯಾರಾದರೂ ಹೇಳುವುದಕ್ಕೆ ಮುಂಚೆ. ಅವನ ಇನ್ನೊಂದು ವಿದ್ಯೆಯನ್ನು ಕಾಲೇಜು ಕಲಿಸಿದ್ದಲ್ಲ. ಒಮ್ಮೆ ಕೇಳಿದ ದನಿ ಅವನ ಗಂಟಲಿಗೆ ಬಾಡಿಗೆಗೆ ಬಂದು ಖಾಯಂ ಕೂತುಬಿಡುತ್ತಿತ್ತು. ಕಾಣಕೋಣದ ಬಸ್ಸಿನ ಕಂಡಕ್ಟರು “ಫುಡೆಂ ವಚ್, ಫುಡೆಂ!” ಎಂದು ಜನರನ್ನು ಮುಂದಕ್ಕೆ ತಳ್ಳುವ ದನಿ, ಇಗರ್ಜಿಯ ಪಾದ್ರಿ ಪ್ರವಚನಕ್ಕೆ ಮುನ್ನ ಕೆಮ್ಮುವ ಕೆಮ್ಮು, ಬಾಂಗಡೆ ಮೀನು ಮಾರುವವಳು ಗಿರಾಕಿ ಬೆನ್ನು ತಿರುಗಿಸಿದ ಮೇಲೆ ಆಡುವ ಮಾತು, ಎಲ್ಲವೂ ಅವನಲ್ಲಿ ಸ್ಟಾಕು ಇದ್ದವು.

ಒಂದು ದನಿಯನ್ನು ಮಾತ್ರ ಅದರ ಯಜಮಾನರ ಎದುರಿಗೆ ತೆಗೆಯುವ ಧೈರ್ಯ ಅವನಿಗಿರಲಿಲ್ಲ. ಅದು ಅಪ್ಪನದು. ಒದ್ದೆ ಕೈಯಲ್ಲಿ ಯಾರಾದರೂ ಬಟ್ಟೆಯ ಥಾನು ಮುಟ್ಟಿದರೆ ವಿರೂಪಾಕ್ಷಪ್ಪನವರು “ಏ, ಕೈ ತಗಿ!” ಎಂದು ಗುಡುಗುತ್ತಿದ್ದರು, ಗಿರಾಕಿಯ ಕೈ ಜತೆಗೆ ಗಲ್ಲಾದ ಮೇಲಿನ ಬೆಕ್ಕೂ ಹಿಂದೆ ಸರಿಯುತ್ತಿತ್ತು. ಅವರು ಮಧ್ಯಾಹ್ನ ಮಲಗಿದಾಗ ಸೋಮ ಅದೇ ದನಿಯಲ್ಲಿ ಎದುರಿನ ಹೋಟೆಲಿನತ್ತ ಒಮ್ಮೆ “ಚಹಾ!” ಎಂದರೆ ಸಾಕು, ಅವನ ಹೆಸರಿಗೆ ಎಂದೂ ಬಾರದಷ್ಟು ಸ್ಟ್ರಾಂಗ್ ಚಹಾ ಓಡಿ ಬರುತ್ತಿತ್ತು.

ಅಂಗಡಿಯಲ್ಲಿ ಕೂತರೆ ಅವನು ಮಗ. ಯಜ್ಡಿ ಮೋಟಾರ್‌ಸೈಕಲ್ ಗಾಡಿಯ ಮೇಲೆ ಕೂತರೆ ಮಾತ್ರ ಮನುಷ್ಯ. ಸಾಂಗೆ, ಕಾಣಕೋಣ ಎಂದು ಸುತ್ತಿ ದರ್ಜಿಗಳಿಗೆ ಬಟ್ಟೆ ಕೊಟ್ಟು, ಹೊಲಿದದ್ದನ್ನು ಹೊತ್ತು ತರುವುದು ಅವನ ಕೆಲಸ; ದಾರಿಯುದ್ದಕ್ಕೂ ಚಹಾದಂಗಡಿಗಳಲ್ಲಿ ಅವನ ದನಿಗಳಿಗೆ ಕಾದು ಕೂತ ಕೇಳುಗರಿದ್ದರು. ಆ ಗಾಡಿಯೇ ಈಗ ಕೈ ತಪ್ಪುವ ಹಾಗಿತ್ತು.

ಕಾರಣ ಹಿಂದಿನ ಮಳೆಗಾಲದ ಒಂದು ಬಿಳಿ ಸೂಟು. ಬಾಣಾವಲಿಯ ಒಂದು ಕ್ರಿಸ್ತುವರ ಮನೆಯ ಹುಡುಗರೆಲ್ಲ ಹಡಗಿನ ಮೇಲೆ ಕೆಲಸಕ್ಕಿದ್ದವರು. ರಜೆ ಸಿಕ್ಕುವುದೇ ಜೂನಿನಲ್ಲಿ, ಹಾಗಾಗಿ ಮದುವೆಗಳೂ ಮಳೆಯಲ್ಲೇ. ಹಿರಿಯ ಮಗನ ಸೂಟನ್ನು ಕಾಣಕೋಣದ ದರ್ಜಿ ಮುರ್ತುಜಾಸಾಬ ಹೊಲಿದಿದ್ದ. ಸೋಮ ಅದನ್ನು ಮರಾಠಿ ಪೇಪರಿನಲ್ಲಿ ಸುತ್ತಿ, ಮೇಲೆ ಪ್ಲಾಸ್ಟಿಕ್ ಕಟ್ಟಿ ತಂದಿದ್ದ. ಪ್ಲಾಸ್ಟಿಕ್ ಹರಿಯಿತು. ಪೇಪರು ತನ್ನಲ್ಲಿದ್ದ ವಿದ್ಯೆಯನ್ನೆಲ್ಲ ಸೂಟಿಗೆ ಧಾರೆ ಎರೆಯಿತು. ಕೋಟಿನ ಬೆನ್ನನ್ನು ಕನ್ನಡಿಗೆ ಹಿಡಿದರೆ ‘ಭಾಡ್ಯಾನೆ ದೇಣೆ ಆಹೆ’, ಅಂದರೆ ‘ಬಾಡಿಗೆಗೆ ಕೊಡುವುದಿದೆ’ ಎಂದು ಸ್ಪಷ್ಟವಾಗಿ ಓದಬಹುದಿತ್ತು. ಮದುಮಗ ಮಾವನ ಸೂಟು ಎರವಲು ಹಾಕಿಕೊಂಡು ಇಗರ್ಜಿಗೆ ಹೋದ.

ಈ ಸಲ ಅದೇ ಮನೆಯ ಕಿರಿಯವನ ಮದುವೆ. ವಿರೂಪಾಕ್ಷಪ್ಪನವರು ಅವರ ಮನೆಗೇ ಹೋಗಿ ಕೈ ಮುಗಿದು ಸೂಟಿನ ಕೆಲಸವನ್ನು ಮತ್ತೆ ಕೇಳಿ ಪಡೆದಿದ್ದರು. ತರುವುದು ಯಾರು ಎಂಬ ಮಾತು ಬಂದಾಗ ಸೋಮ ಎದೆ ಮುಂದೆ ಮಾಡಿದ.

“ಬಸ್ಸಿನಾಗ ತರಸ್ತೇನಿ,” ಎಂದರು ಅಪ್ಪ.

“ಅಪ್ಪಾ, ಇದೊಂದು ಸಲ ಬಿಡ್ರಿ. ಒಂದ ಹನಿ ಬೀಳದಂಗ ತರತೇನಿ.”

“ತೊಯ್ದು ಬಂತಂದ್ರ?”

“ಗಾಡಿ ಮಾರ್ರಿ. ನಾ ಗಲ್ಲಾದ ಮ್ಯಾಲ ಬೆಕ್ಕಿನ ಬಾಜೂಕ ಕುಂಡ್ರತೇನಿ.”

“ಬೆಕ್ಕಿಗೆ ಕೇಳಬೇಕಾಕ್ಕೈತಿ,” ಎಂದು ಅಪ್ಪ ಮಾತು ಮುಗಿಸಿದ್ದರು.

ಆವತ್ತಿನಿಂದ ಸೋಮನಿಗೆ ಮಳೆಯ ಜಾಕೀಟಿನ ಹುಚ್ಚು ಹತ್ತಿತು. ಜಾಕೀಟು ತಾನು ತೊಯ್ಯದಿರಲು ಬೇಕು, ಸೂಟನ್ನು ಎದೆಗಪ್ಪಿ ಅದರೊಳಗೇ ತರಬೇಕು ಎಂಬುದು ಅವನ ಯೋಜನೆ. ಮೊದಲು ಕರಿ ರಬ್ಬರಿನ ರೇನ್‌ಕೋಟು ನೋಡಿದ. ತೊಟ್ಟರೆ ಮೈಯೆಲ್ಲ ಟೈರಿನ ವಾಸನೆ, ಯಾರಾದರೂ ಗಾಳಿ ಹಾಕಿಬಿಟ್ಟಾರು ಎಂಬ ಭಯ. ಮುರ್ಮುಗಾಂವ್ ಬಂದರಿನ ಕಡೆಯಿಂದ ಖಲಾಸಿಗಳ ಹಳದಿ ಕೋಟೊಂದು ತರಿಸಿದ. ಅದರಲ್ಲಿ ಹೊರಗಿನ ಮಳೆ ಒಳಗೆ ಬರಲಿಲ್ಲ ನಿಜ, ಒಳಗಿನ ಬೆವರೂ ಹೊರಗೆ ಹೋಗಲಿಲ್ಲ. ಜೇಬಿನಲ್ಲಿ ಬಟಾಟೆ ಇಟ್ಟಿದ್ದರೆ ಕುಂಕಳ್ಳಿ ಬರುವಷ್ಟರಲ್ಲಿ ಬೆಂದಿರುತ್ತಿತ್ತು. ಕಡೆಗೆ, ಮೇ ತಿಂಗಳು ಮುಗಿಯುವಾಗ, ಪಾಲೊಳೆಂ ಬೀಚಿನಲ್ಲಿ ಕನ್ನಡಿ ಕಸೂತಿಯ ಚೀಲ, ಚಾದರ ಮಾರುವ ಲಂಬಾಣಿ ರೂಪಿಬಾಯಿಯ ಹತ್ತಿರ ಅದು ಸಿಕ್ಕಿತು. ಬೂದು ಬಣ್ಣದ ದಪ್ಪ ಬಟ್ಟೆಯ ಫಾರಿನ್ ಜಾಕೀಟು. ಭುಜಕ್ಕೆ ಮೆತ್ತೆ, ಮೊಣಕೈಗೆ ಮೆತ್ತೆ. ಹಾಕಿಕೊಂಡರೆ ಸೋಮನ ಮೈ ಅವನು ಕಾಲೇಜಿನಲ್ಲಿ ಹೇಳಿಕೊಂಡು ತಿರುಗಿದ ಆಕಾರಕ್ಕೆ ಮೊದಲ ಬಾರಿ ಬಂತು.

“ಗೋರಾ ಮನಷ್ಯಾ ಗಾಡಿ ಮ್ಯಾಲ ಎಲ್ಲಿಂದನೋ ಬಂದಿದ್ದ,” ಎಂದಳು ರೂಪಿಬಾಯಿ. “ಹೋಗೂಮುಂದ ಚಾದರ ಒಯ್ದ, ಇದನ್ನ ಬಿಟ್ಟ. ಚಲೋ ಐತಿ ಅಣ್ಣಾ.”

“ಚಲೋ ಐತೋ ಇಲ್ಲೋ ನಾ ಹೇಳತೇನಿ. ಮೂರು ತಲಿಯಿಂದ ಅರಿವಿ ಮಾರೋ ಮಂದಿ ನಾವು.”

“ಹೇಳಪ್ಪಾ, ಲಗೂನ ಹೇಳು. ಮುಂಜಾನಿಂದ ಬೋಣಿ ಆಗಿಲ್ಲ.”

ಸೋಮ ಬಟ್ಟೆಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ತಿಕ್ಕಿದ. ಮೂಸಿದ. ಹೊಲಿಗೆಯ ಅಂಚಿನಿಂದ ಒಂದೆಳೆ ಎಳೆದು ಕಡ್ಡಿ ಗೀರಿ ಸುಟ್ಟ. ಅದು ಕರಗಿ ಮಣಿಯಾದಾಗ ಜಾತಕ ಕೂಡಿಬಂದ ಜೋಯಿಸನ ಹಾಗೆ ತಲೆಯಾಡಿಸಿದ. ಬಟ್ಟೆಯನ್ನು ಬೋಗುಣಿಯಂತೆ ಹಿಡಿದು, ತಂಬಿಗೆಯಿಂದ ನೀರು ಸುರಿಯಲು ಹೇಳಿದ. ನೀರು ಪಾದರಸದ ಹಾಗೆ ಓಡಾಡಿತು, ಒಂದು ಹನಿಯೂ ಇಳಿಯಲಿಲ್ಲ.

ಕಡೆಯದಾಗಿ ಒಳಗನ್ನು ಹೊರಗೆ ಮಾಡಿದ. ಅದು ಅವರ ಅಂಗಡಿಯ ನೇಮ. ಹೊಲಿದ ಯಾವ ಬಟ್ಟೆ ಬಂದರೂ ವಿರೂಪಾಕ್ಷಪ್ಪನವರು ಮೊದಲು ಮಗುಚಿ ನೋಡುತ್ತಿದ್ದರು. ಒಳಗೆ ಅಸ್ತರು, ಅಂದರೆ ಒಳಪದರದ ಬಟ್ಟೆ, ಇದ್ದರೆ ಕತ್ತರಿಯಿಂದ ಒಂದು ಮೂಲೆ ಬಿಚ್ಚಿ, ಅದು ಏನನ್ನು ಮುಚ್ಚಿಟ್ಟಿದೆ ಎಂದು ಪತ್ತೆ ಹಚ್ಚುತ್ತಿದ್ದರು. “ಅಸ್ತರ ಅಂದ್ರ ಅರಿವಿ ಹೇಳೂ ಸುಳ್ಳು” ಎಂಬುದು ಅವರ ಸಿದ್ಧಾಂತ. ತಾವೇ ಮಾರಿದ ಅಸ್ತರು ಮಾತ್ರ ಇದಕ್ಕೆ ಹೊರತು.

ಈ ಜಾಕೀಟಿಗೂ ಅಸ್ತರು ಇತ್ತು. ಬೆಳ್ಳಗೆ, ತೆಳ್ಳಗೆ, ಮುಟ್ಟಿದರೆ ಹಪ್ಪಳದ ಹಾಗೆ ಕರಕರ ಎನ್ನುತ್ತಿತ್ತು. ಸುತ್ತಲೂ ಝಿಪ್ಪಿನಿಂದ ಕೂಡಿಸಿದ್ದರು.

“ಸಿಕ್ಕಿತು ನೋಡು ಕಳ್ಳ ಮಾಲು,” ಎಂದ ಸೋಮ. “ಇಷ್ಟು ಚಲೋ ಅರಿವಿಗೆ ಈ ಬೇಕರಿ ಕಾಗದ ಯಾಕ ಹಚ್ಚ್ಯಾರ? ಚಳಿ ದೇಶದವ್ರಿಗೆ ಬೇಕಾದೀತು. ಕಿತ್ತು ನಿನಗ ಕೊಡತೇನಿ, ನೀ ಬೆಲಿ ಇಳಸು.”

“ಕೊಡು. ಚೀಲಕ್ಕ ಬರತೈತಿ,” ಎಂದಳು ರೂಪಿಬಾಯಿ.

ಅವಳು ಅಷ್ಟು ಬೇಗ ಒಪ್ಪಿದಾಗಲೇ ವ್ಯಾಪಾರಿಯ ಮಗನಿಗೆ ಅನುಮಾನ ಬರಬೇಕಿತ್ತು. ಬರಲಿಲ್ಲ. ಝರ್ರನೆ ಝಿಪ್ಪು ಎಳೆದು ಅಸ್ತರನ್ನು ಅವಳ ಮಡಿಲಿಗೆ ಎಸೆದು, ಜಾಕೀಟು ತೊಟ್ಟು, ಆ ಉರಿಬಿಸಿಲಿನಲ್ಲಿ ಮಡಗಾಂವಿನವರೆಗೂ ಬಂದ.

ಸೂಟು ತರುವ ದಿನ ಬೆಳಿಗ್ಗೆಯಿಂದಲೇ ಆಕಾಶ ಹರಿದುಕೊಂಡಿತ್ತು. ಸೋಮ ಜಾಕೀಟಿನ ಕಾಲರು ಎತ್ತಿ ಹೊರಟ. ಮಳೆಯ ಹನಿಗಳು ತೋಳಿನ ಮೇಲೆ ಬಿದ್ದು ಮುತ್ತಾಗಿ ಉರುಳುವುದನ್ನು ನೋಡಿ, ಬೀಚಿನ ಗೋರಾ ಮಂದಿಯ ದನಿಯಲ್ಲಿ ತನಗೆ ತಾನೇ “ವೆರಿ ಗುಡ್, ವೆರಿ ಗುಡ್” ಎಂದುಕೊಂಡ. ಬಾಳ್ಳಿ ದಾಟುವಾಗ ಭುಜದ ಮೇಲೆ ಯಾರೋ ತಣ್ಣನೆಯ ಕೈ ಇಟ್ಟಂತಾಯಿತು. ಕರ್ಮಲ್ ಘಾಟಿನ ಮೊದಲ ತಿರುವಿನಲ್ಲಿ ಆ ಕೈ ಬೆನ್ನಿಗಿಳಿಯಿತು. ಘಾಟಿ ಮುಗಿಯುವಷ್ಟರಲ್ಲಿ ಅದು ಕೈಯಾಗಿ ಉಳಿದಿರಲಿಲ್ಲ, ಹಳ್ಳವಾಗಿತ್ತು. ಆ ಬಟ್ಟೆ ನೀರನ್ನು ತಡೆಯುತ್ತದೆ ಎಂದು ಅವನು ಕಂಡುಕೊಂಡಿದ್ದು ಸುಳ್ಳಾಗಿರಲಿಲ್ಲ. ಒಂದು ತಂಬಿಗೆಯಷ್ಟನ್ನು ತಡೆಯುತ್ತಿತ್ತು. ಆಮೇಲೆ ಒಳಗೆ ಬಂದದ್ದನ್ನು ಹೊರಗೆ ಹೋಗದಂತೆಯೂ ತಡೆಯುತ್ತಿತ್ತು.

ಕಾಣಕೋಣದ ಚಾವಡಿ ಪೇಟೆಯಲ್ಲಿ ಮುರ್ತುಜಾಸಾಬನ ಅಂಗಡಿಯ ಮೆಟ್ಟಿಲ ಮೇಲೆ ನಿಂತು ಝಿಪ್ಪು ಎಳೆದಾಗ ಧಡ್ಡನೆ ನೀರು ಬಿತ್ತು.

“ಅರೆ ಸೋಮಣ್ಣಾ! ಬಾವಿ ಹೊತ್ಕೊಂಡ ಬಂದ್ರೇನು?” ಎಂದ ಸಾಬ. “ಒಳಗ ಬರಬ್ಯಾಡ್ರಿ, ಸೂಟು ಐತಿ.”

ಸೂಟು ಗೋಡೆಗೆ ತೂಗುತ್ತಿತ್ತು. ಬೆಳ್ಳಗೆ, ಇಸ್ತ್ರಿಯ ಗೆರೆ ಚಾಕುವಿನ ಹಾಗೆ. ಅದನ್ನು ಅಪ್ಪಿಕೊಂಡು ಹೋಗಬೇಕಾದ ಎದೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಹೊರಗೆ ಮಳೆ ಈಗ ತಾನೇ ಕೆಲಸಕ್ಕಿಳಿಯಲು ತೋಳೇರಿಸುತ್ತಿತ್ತು.

“ಚಾಚಾ, ಪ್ಲಾಸ್ಟಿಕ್ ಐತೇನ್ರಿ?”

“ಐತಿ. ಪೇಪರೂ ಐತಿ, ಮರಾಠಿದ. ಕೊಡ್ಲೇನು?”

ಸೋಮ ಜಾಕೀಟನ್ನು ಮಗುಚಿ ಹಿಂಡತೊಡಗಿದ. ಆಗ ಕಾಲರಿನ ಕೆಳಗಿನ ಪಟ್ಟಿ ಕಣ್ಣಿಗೆ ಬಿತ್ತು. ಅದರಲ್ಲೊಂದು ಚಿತ್ರ: ದೊಡ್ಡ ಕೋಟು, ಅದರೊಳಗೆ ಚಿಕ್ಕ ಕೋಟು. ಹನಿಗಳು ದೊಡ್ಡ ಕೋಟನ್ನು ದಾಟಿ ಬಂದು ಚಿಕ್ಕದಕ್ಕೆ ಬಡಿದು ಹಿಂದಕ್ಕೆ ಜಿಗಿಯುತ್ತಿದ್ದವು. ಮೇ ತಿಂಗಳಲ್ಲೂ ಅವನು ಅದನ್ನು ನೋಡಿದ್ದ. ತಾಯಿ ಮಗುವಿನ ಚಿತ್ರವೇನೋ, ಕಂಪನಿಯವರು ಭಾವುಕರು ಎಂದುಕೊಂಡಿದ್ದ. ಚಿತ್ರದ ಪಕ್ಕದಲ್ಲೇ ಜೋಡಿ ಕಳೆದುಕೊಂಡ ಅರ್ಧ ಝಿಪ್ಪು ಹಲ್ಲು ಕಿಸಿಯುತ್ತಿತ್ತು. ಮಳೆ ತಡೆಯುವುದು ಅಸ್ತರು. ಉಳಿದದ್ದೆಲ್ಲ ಅದನ್ನು ಹೊತ್ತ ಡೌಲು.

ಮಳೆಗಾಲದಲ್ಲಿ ಪಾಲೊಳೆಂ ಬೀಚಿನಲ್ಲಿ ಮಾರುವವರಲ್ಲಿ ಅರ್ಧ ಜನ ಊರಿಗೆ ಹೋಗುತ್ತಾರೆ, ಉಳಿದವರು ಬಾಡಿಗೆ ಖೋಲಿಗಳಲ್ಲಿ ಕೂತು ಮುಂದಿನ ಸೀಸನ್ನಿಗೆ ಹೊಲಿಯುತ್ತಾರೆ. ರೂಪಿಬಾಯಿ ಉಳಿದಿದ್ದಳು. ತನ್ನ ಖೋಲಿಯ ಬಾಗಿಲಲ್ಲಿ ಬಂದು ನಿಂತು ನೀರು ಸುರಿಸುತ್ತಿದ್ದ ಸೋಮನನ್ನು ನೋಡಿ ಸೂಜಿ ನಿಲ್ಲಿಸಿದಳು.

“ಬಾಯೀ, ಆ ಅಸ್ತರ ಎಲ್ಲೈತಿ?”

ಅವಳು ಮೇಲೆ ತೋರಿಸಿದಳು. ಬಿದಿರಿನ ಜಂತಿಯಿಂದ ಎರಡು ಬಿಳಿ ತೋಳುಗಳು, ಪೊಲೀಸರಿಗೆ ಶರಣಾದವನವು ಎಂಬಂತೆ, ನೇತಾಡುತ್ತಿದ್ದವು.

“ಒಂದರಾಗ ಅಕ್ಕಿ, ಒಂದರಾಗ ಜ್ವಾಳ. ಹಸಿ ಹತ್ತೂದಿಲ್ಲ.”

“ಮೈ?”

ಮೈಯನ್ನು ಅವಳು ಮೂಲೆಯಿಂದ ಎಳೆದಳು. ಅದೊಂದು ದೊಡ್ಡ ಹೆಗಲ ಚೀಲವಾಗಿತ್ತು. ಹೊರಗೆ ಕೆಂಪು ಬಟ್ಟೆ, ಕನ್ನಡಿ, ಕವಡೆ, ಗೊಂಡೆ. ಒಳಗೆ, ಕರಕರ ಎನ್ನುತ್ತ, ಅವನ ಅಸ್ತರು.

ಸೋಮ ಕೈ ಚಾಚಿದ. ಅವಳು ಚೀಲ ಹಿಂದೆಳೆದಳು.

“ಬೆಲಿ ಜಾಸ್ತಿ ಅಣ್ಣಾ. ಅಸ್ತರ ಐತಿ.”

“ಅದು ನಂದ ಅಸ್ತರ!”

ರೂಪಿಬಾಯಿ ಬೆನ್ನು ನೆಟ್ಟಗೆ ಮಾಡಿ, ಗದ್ದ ಎತ್ತಿ, ಮೂಗಿನಿಂದ ದನಿ ತೆಗೆದಳು: “ಮೂರು ತಲಿಯಿಂದ ಅರಿವಿ ಮಾರೋ ಮಂದಿ ನಾವು. ಬೇಕರಿ ಕಾಗದ ಯಾಕ ಹಚ್ಚ್ಯಾರ?”

ತನ್ನ ದನಿ ಇಷ್ಟು ಮೂಗಿನದು ಎಂದು ಸೋಮನಿಗೆ ಅಂದೇ ಗೊತ್ತಾದದ್ದು. ಊರೆಲ್ಲರ ದನಿ ಕದ್ದವನ ಮನೆಗೇ ಕನ್ನ ಬಿದ್ದಿತ್ತು. ನಗು ಬಂತು, ಅವಳು ಕೇಳಿದಷ್ಟು ಕೊಟ್ಟ. ಆದರೂ ಹುಟ್ಟುಗುಣ ಬಿಡದೆ ಚೀಲದೊಳಗೆ ನೀರು ಸುರಿಯಲು ಹೇಳಿದ. ಈ ಸಲ ತಂಬಿಗೆಗೆ ತೃಪ್ತನಾಗಲಿಲ್ಲ. ಅವಳು ಚಹಾ ಕಾಸಿ, ಇಬ್ಬರೂ ಕುಡಿದು, ಲೋಟ ತೊಳೆದಿಡುವವರೆಗೂ ತುಂಬಿದ ಚೀಲವನ್ನು ಕೂಸಿನ ಹಾಗೆ ಹಿಡಿದು ನಿಂತ. ಮೇಣ ತಿಕ್ಕಿದ ದಾರದ ಹೊಲಿಗೆ. ಒಂದು ಹನಿಯೂ ಇಳಿಯಲಿಲ್ಲ.

ಒರೆಸಿ ಒಣಗಿಸಿ ಪೇಟೆಗೆ ತಂದ ಚೀಲದಲ್ಲಿ ಮುರ್ತುಜಾಸಾಬ ಸೂಟನ್ನು ಮಡಚಿಟ್ಟು, ಬಾಯಿ ಸುತ್ತಿ ಬಿಗಿದ. ಸೋಮ ಅದನ್ನು ಎದೆಗೆ ತೂಗುಹಾಕಿಕೊಂಡು ಘಾಟಿ ಹತ್ತಿದ. ಕವಡೆಗಳು ಟಕಟಕ ಎಂದವು, ಕನ್ನಡಿಗಳು ಎದುರು ಬರುವ ಲಾರಿಗಳ ದೀಪಕ್ಕೆ ಉತ್ತರ ಕೊಟ್ಟವು. ಕುಂಕಳ್ಳಿಯ ಬಸ್‌ಸ್ಟಾಪಿನಲ್ಲಿ ನಿಂತವರು ದಾರಿ ತಪ್ಪಿದ ಮೆರವಣಿಗೆಯೊಂದು ಹೋಯಿತೆಂದು ತಿಳಿದರು.

ಅಂಗಡಿಯಲ್ಲಿ ವಿರೂಪಾಕ್ಷಪ್ಪನವರು ಕಾಯುತ್ತಿದ್ದರು. ಸೂಟನ್ನು ಹೊರತೆಗೆದು ಹೆಬ್ಬೆರಳಿನಿಂದ ತಿಕ್ಕಿದರು. ಬೆನ್ನನ್ನು ಕನ್ನಡಿಗೂ ಹಿಡಿದರು. ಬೆಚ್ಚಗಿತ್ತು, ಒಣಗಿತ್ತು, ಓದಲು ಏನೂ ಇರಲಿಲ್ಲ. ಅವರ ಕಣ್ಣು ಮಗನ ಮೇಲೆ ಹೋಗಲಿಲ್ಲ, ಚೀಲದ ಮೇಲೆ ಹೋಯಿತು. ಕೈ ಅಭ್ಯಾಸಬಲದಿಂದ ಅದನ್ನು ಮಗುಚಿತು.

“ಅಸ್ತರ ಹಾಕ್ಯಾರಲ್ಲೋ. ಕೆಳಗ ಏನು ಮುಚ್ಯಾರ ನೋಡೂಣು,” ಎಂದು ಕತ್ತರಿ ಎತ್ತಿಕೊಂಡರು.

ಸೋಮನಿಗೆ ಕೂಗಬೇಕಿತ್ತು. ಕಂಡಕ್ಟರು ನೆನಪಾಗಲಿಲ್ಲ, ಪಾದ್ರಿ ನೆನಪಾಗಲಿಲ್ಲ. ಚಳಿಗೆ ಅವನ ಸ್ವಂತ ದನಿಯಂತೂ ಘಾಟಿಯಲ್ಲೇ ಉಳಿದಿತ್ತು. ಗಂಟಲಲ್ಲಿ ಸಿದ್ಧವಿದ್ದದ್ದು ಒಂದೇ, ಅದೇ ಸಿಡಿಯಿತು:

“ಏ, ಕೈ ತಗಿ!”

ವಿರೂಪಾಕ್ಷಪ್ಪನವರ ಕೈ ತನ್ನ ಯಜಮಾನನ ಆಜ್ಞೆಗೆ ಟಕ್ಕನೆ ಹಿಂದೆ ಸರಿಯಿತು. ಕತ್ತರಿ ಬಿತ್ತು. ಬೆಕ್ಕು ಗಲ್ಲಾದಿಂದ ಇಳಿದು ಓಡಿತು. ಅಂಗಡಿಯ ಹಿಂದಿನ ಅಡುಗೆಮನೆಯಿಂದ ಸೋಮನ ತಾಯಿ ಶಾರದವ್ವನ ಕೂಗು ಬಂತು:

“ಅಯ್ಯ, ಹುಡುಗ ತೊಯ್ದು ಬಂದಾನ, ಯಾಕ ಬೈಯಾಕತ್ತೀರಿ ಅವಗ?”

“ನಾ ಎಲ್ಲಿ ಬೈದೆ? ಬೈಸ್ಕೊಂಡಾಂವ ನಾ!” ಎಂದರು ವಿರೂಪಾಕ್ಷಪ್ಪನವರು. ಬಗ್ಗಿ ಬಿದ್ದ ಕತ್ತರಿಯನ್ನು ಎತ್ತಿಕೊಂಡರು. ಆಮೇಲೆ ದನಿ ತಗ್ಗಿಸಿ ಕೇಳಿದರು, “ನಾ ಹಿಂಗ ಒದರತೇನೇನೋ?”

“ಇನ್ನೂ ಸ್ವಲ್ಪ ಜೋರ್ರಿ.”

ಅವರು ಕತ್ತರಿಯನ್ನು ಗಲ್ಲಾದೊಳಗಿಟ್ಟು ಮುಚ್ಚಿದರು. “ನಾಳಿ ಸಾಂಗೆಕ್ಕ ಗಂಟು ಹೋಗೂದೈತಿ. ಗಾಡಿ ತಗೊಂಡು ಹೋಗು. ಮಾಲು ಆ ಚೀಲದಾಗ ಇರಲಿ.” ಸೂಟನ್ನು ಮಡಚಿಡುತ್ತ, “ಮತ್ತ ಆ ಫಾರಿನ್ ಕೋಟು ಹೆಂಗೈತಿ?”

“ಹೊರಗಿನ ಅರಿವಿ ಭಾಳ ಚಲೋ ಐತ್ರಿ,” ಎಂದ ಸೋಮ.

ಒಳಗೆ ಹಗ್ಗಕ್ಕೆ ತೂಗುಬಿದ್ದ ಜಾಕೀಟು, ಶಾರದವ್ವ ಕೆಳಗಿಟ್ಟ ಬಕೆಟ್ಟಿಗೆ, ಕರ್ಮಲ್ ಘಾಟನ್ನು ಸುರಿಸುತ್ತಲೇ ಇತ್ತು.