ನೋಡಿದ ತಾಸು

"ಸೊನ್ನಿ ಐತ್ರಿ ಸರ್," ಎಂದ ಮಕ್ಬುಲಸಾಬ. ಕಾಲೇಜಿನ ಕಚೇರಿಯಲ್ಲಿ ಕಂಪ್ಯೂಟರಿನ ಮುಂದೆ ಕೂರುವವನು ಅವನೊಬ್ಬನೇ. ಪಂಪಾಪತಿ ಅವನ ಕುರ್ಚಿಯ ಹಿಂದಿನಿಂದ ಬಾಗಿ ಇನ್ನೊಮ್ಮೆ ನೋಡಿದ. ಅನುಷಾ, ನೋಡಿದ ತಾಸು ಇಪ್ಪತ್ತೆಂಟು. ದುರುಗವ್ವ, ನೋಡಿದ ತಾಸು ಸೊನ್ನೆ. ಮೂವತ್ತು ತಾಸಿನ ಪಾಠದಲ್ಲಿ ಮುಕ್ಕಾಲು ಪಾಲು ನೋಡದವರಿಗೆ ಹಾಲ್ ಟಿಕೆಟ್ ಇಲ್ಲ.

"ಸರ್ವರ್ ತಪ್ಪೇನಾರ ಇರಬೇಕು ನೋಡಪಾ."

"ಸರ್ವರ್ ಛಲೋನ ಐತ್ರಿ. ಆಕಿ ಒಂದಿನಾನೂ ಲಾಗಿನ್ ಆಗಿಲ್ಲ."

ತಪ್ಪು ಯಾರದೆಂದು ಪಂಪಾಪತಿಗೆ ಆ ಕ್ಷಣವೇ ಗೊತ್ತಾಗಿಹೋಗಿತ್ತು.

ಈ ವರ್ಷ ಹೊಸ ಪದ್ಧತಿ ಬಂದಿತ್ತು. ಪಾಠವನ್ನು ಮನೆಯಲ್ಲಿ ವಿಡಿಯೊದಲ್ಲಿ ನೋಡಿಕೊಂಡು ಬರಬೇಕು, ತರಗತಿಯಲ್ಲಿ ಚರ್ಚೆ, ಪ್ರಯೋಗ. ಕೊಪ್ಪಳದಲ್ಲಿ ಎರಡು ದಿನದ ತರಬೇತಿ ಮುಗಿಸಿ ಪಂಪಾಪತಿ ಹುಮ್ಮಸ್ಸಿನಿಂದಲೇ ಕುಷ್ಟಗಿಗೆ ಮರಳಿದ್ದ. ಹತ್ತು ವರ್ಷದಿಂದ ಅತಿಥಿ ಉಪನ್ಯಾಸಕನಾಗಿಯೇ ಉಳಿದವನಿಗೆ ಹುಮ್ಮಸ್ಸು ಬರುವುದು ಅಪರೂಪ. ಸದ್ದಾಗದಿರಲೆಂದು ಫ್ಯಾನ್ ಬಂದ್ ಮಾಡಿ, ಕುಕ್ಕರ್ ಇಡಬೇಡವೆಂದು ಹೆಂಡತಿಯ ಕೈಕಾಲು ಹಿಡಿದು, ಬೆವರು ಒರೆಸಿಕೊಳ್ಳುತ್ತ ಸಸ್ಯಶಾಸ್ತ್ರದ ಮೂವತ್ತು ಪಾಠ ರೆಕಾರ್ಡ್ ಮಾಡಿದ್ದ. ಅದಕ್ಕೆ ಸರ್ಕಾರ ಒಂದು ಪ್ರಮಾಣಪತ್ರ ಕೊಟ್ಟಿತು.

ಮೊದಲ ವಾರವೇ ದುರುಗವ್ವ ಎದ್ದು ನಿಂತು ಹೇಳಿದ್ದಳು. "ನಮ್ಮನ್ಯಾಗ ಅಂಥಾ ಫೋನ್ ಇಲ್ರಿ ಸರ್. ಅಪ್ಪಂದು ಬಟನ್ ಫೋನು."

ಪಕ್ಕದಲ್ಲಿದ್ದ ಅನುಷಾ ಅವಳದೇ ಓಣಿಯ ಹುಡುಗಿ. "ನಂದ್ರಾಗ ಇಬ್ರೂ ಕೂಡಿ ನೋಡ್ತೀವಿ ತಗೋರಿ ಸರ್. ಮೊದಲ ನನ್ನ ಹೆಸರಿಲೆ ಹಚ್ಚಿ, ಆಮ್ಯಾಲ ಆಕಿ ಹೆಸರಿಲೆ ಹಚ್ಚಬೇಕೇನ್ರಿ?"

ಪಂಪಾಪತಿ ನಕ್ಕಿದ್ದ. "ಒಂದ ಪಾಠ ಎರಡ ಸಲ ಓಡಿಸಿ ನೆಟ್ ಯಾಕ ಸುಡ್ತೀರಿ? ಕೂಡಿ ನೋಡ್ರಿ. ದುರುಗವ್ವ, ನೀ ಬರಕೋ. ಕಲಿಯೂದು ಮುಖ್ಯ."

ಹೇಳಿದಂತೆಯೇ ಮಾಡಿದರು. ಇಬ್ಬರೂ ಬೆಳಿಗ್ಗೆ ಕಾಲೇಜಿಗೆ ಮುಂಚೆ ಬೀಜದ ಪ್ಲಾಟಿನಲ್ಲಿ ಟೊಮೆಟೊ ಹೂವಿಗೆ ಕ್ರಾಸಿಂಗ್ ಮಾಡುವ, ಅಂದರೆ ಕೈಯಿಂದಲೇ ಪರಾಗ ಮುಟ್ಟಿಸಿ ಮಿಶ್ರತಳಿ ಬೀಜ ಕಟ್ಟಿಸುವ ಕೂಲಿಗೆ ಹೋಗುತ್ತಿದ್ದರು. ಬುತ್ತಿ ಬಿಚ್ಚುವ ಹೊತ್ತಿಗೆ ಬದುವಿನ ಮೇಲೆ ಫೋನು ನಿಲ್ಲಿಸಿ, ಸೆರಗಿನ ನೆರಳು ಮಾಡಿ ಪಾಠ ನೋಡುತ್ತಿದ್ದರು. ಸಂಕರಣದ ಪಾಠದ ದಿನ ದುರುಗವ್ವ ತರಗತಿಗೆ ಒಂದು ಟೊಮೆಟೊ ರೆಂಬೆಯನ್ನೇ ತಂದಳು. ಮೊಗ್ಗು ಬಿಡಿಸಿ, ಚಿಮಟದಿಂದ ಗಂಡುಭಾಗ ಎಳೆದು, ಬೆರಳಿನ ಉಂಗುರದಲ್ಲಿ ತುಂಬಿಕೊಂಡಿದ್ದ ಪರಾಗದ ಪುಡಿ ಮುಟ್ಟಿಸಿ, ಕೊನೆಗೆ ಹೂವಿನ ಬುಡದ ಎರಡು ಹಸಿರು ಎಸಳು ಚಿವುಟಿದಳು.

"ಅದ್ಯಾಕ ಚೂಟಿದಿ?" ಎಂದು ಕೇಳಿದವನು ಪಂಪಾಪತಿಯೇ. ಅವನ ಪುಸ್ತಕದಲ್ಲಿ ಅದಿರಲಿಲ್ಲ.

"ಗುರುತು ರಿ ಸರ್. ಕೀಳೂಮುಂದ ಗುರುತಿಲ್ಲದ ಕಾಯಿ ಕಂಡ್ರ ಒಗದಬಿಡ್ತಾರ. ಎಷ್ಟ ಛಲೋ ಇದ್ರೂ ನಡಿಯಂಗಿಲ್ಲ."

ಇಡೀ ತರಗತಿ ಬೆಂಚು ಬಿಟ್ಟು ಅವಳ ಸುತ್ತ ನಿಂತಿತ್ತು. ಹೊಸ ಪದ್ಧತಿ ಅಂದರೆ ಇದೇ ಎಂದು ಪಂಪಾಪತಿ ಅಂದು ಬೀಗಿದ್ದ.

ಈಗ ಅವನು ಅವಳ ನೋಟಬುಕ್ ಹಿಡಿದುಕೊಂಡು ಪ್ರಾಂಶುಪಾಲ ಪ್ರಭುರಾಜರ ಮುಂದೆ ನಿಂತ. ಇಪ್ಪತ್ತೆಂಟು ಪಾಠ, ತಾರೀಖು ಸಮೇತ, ದುಂಡಗಿನ ಅಕ್ಷರ. ಕೆಲವು ಹಾಳೆಗಳಿಗೆ ಟೊಮೆಟೊ ಎಲೆಯ ಹಸಿರು ಹತ್ತಿತ್ತು. ಪ್ರಭುರಾಜರು ಹಾಳೆ ತಿರುವಿ ತಿರುವಿ ನೋಡಿದರು. ಅವರು ಕೆಟ್ಟವರೇನಲ್ಲ.

"ಪಂಪಾಪತಿ, ಇದನ್ನ ಹಾಕಾಕ ಪೋರ್ಟಲ್‌ನಾಗ ಜಾಗಾನ ಇಲ್ಲ. ಹದಿನೈದಕ್ಕ ಲಾಕ್ ಆಗೇತಿ. ನನ್ನ ಸಹಿ ಈಗ ಯಾವುದಕ್ಕೂ ಬರೂದಿಲ್ಲ."

"ತಪ್ಪು ನಂದ್ರಿ ಸರ್. ನಾನ ಹೇಳಿದ್ದು. ಬರದ ಕೊಡ್ತೀನಿ."

"ಬರದ ಕೊಟ್ರ ನಿಮ್ಮ ಕೆಲಸಾನೂ ಹೋಗತೈತಿ. ಆಕಿ ಟಿಕೆಟ್ ಬರಂಗಿಲ್ಲ."

ಆದರೂ ಬರೆದ. ನೋಟಬುಕ್ಕಿನ ಎಲ್ಲ ಹಾಳೆಗಳ ಫೋಟೊ ತೆಗೆದು ವಿಶ್ವವಿದ್ಯಾಲಯದ ಸಹಾಯವಾಣಿಗೆ ಕಳಿಸಿದ. ಎರಡನೇ ನಿಮಿಷಕ್ಕೇ ಉತ್ತರ ಬಂತು. ನಿಮ್ಮ ಸಮಸ್ಯೆಯನ್ನು ಪರಿಹರಿಸಲಾಗಿದೆ, ಐದರಲ್ಲಿ ಎಷ್ಟು ಅಂಕ ಕೊಡುವಿರಿ ಎಂದು ಕೇಳಿತ್ತು. ಅದಕ್ಕೆ ಬೈಯಬೇಕೆಂದರೂ ಅಲ್ಲಿ ಮನುಷ್ಯರಿರಲಿಲ್ಲ.

ಹುಡುಗಿಯರನ್ನು ಕರೆದು, ದುರುಗವ್ವನ ಹಾಲ್ ಟಿಕೆಟ್ ಬಂದಿಲ್ಲವೆಂದು ಹೇಳಿದ. ಅನುಷಾ ಅಳತೊಡಗಿದಳು. "ನಾನೂ ಬರಿಯಂಗಿಲ್ಲ ರಿ ಸರ್ ಪರೀಕ್ಷಾ."

"ಹುಚ್ಚಿ ಅದಿಯೇನ?" ಎಂದು ದುರುಗವ್ವ ಗದರಿದಳು. ಆಮೇಲೆ ಅವನ ಕಡೆ ತಿರುಗಿದಳು. "ಮನ್ಯಾಗ ಮೂರು ವರ್ಷ ಅಂತ ಹೇಳಿ ಬಂದೀನ್ರಿ ಸರ್. ಇನ್ನೊಂದು ವರ್ಷ ಅಂದ್ರ ಅವ್ವ ಕಳಸಂಗಿಲ್ಲ. ಏನಾರ ಆಗತೈತೇನ್ರಿ?"

"ಕೇಳೀನವ್ವ. ನೋಡೋಣು."

ನೋಡುವುದು ಏನೂ ಉಳಿದಿರಲಿಲ್ಲ. ಅಷ್ಟು ಹೇಳುವ ಧೈರ್ಯವೂ ಅವನಿಗಿರಲಿಲ್ಲ. ತನ್ನ ಮೇಲೆ ತನಗೇ ಹೇಸಿಕೆಯಾಯಿತು.

"ಆ ನೋಟಬುಕ್ ಕೊಡ್ರಿ ಹಂಗಾರ," ಎಂದಳು ಅವಳು. "ಅನುಷಾಗ ಓದಾಕ ಬೇಕು. ಆಕಿ ಏನೂ ಬರಕೊಂಡಿಲ್ಲ."

ಪರೀಕ್ಷೆಯ ದಿನ ಪಂಪಾಪತಿಗೆ ಹಾಲ್‌ನಲ್ಲಿ ಮೇಲ್ವಿಚಾರಣೆಯ ಕೆಲಸ ಬಿದ್ದಿತ್ತು. ಐದನೇ ಪ್ರಶ್ನೆ ಸಂಕರಣದ್ದು. ಅನುಷಾ ತಲೆ ಎತ್ತದೆ ಬರೆಯುತ್ತಿದ್ದಳು. ಅರ್ಧ ತಾಸಾದ ಮೇಲೆ ಕಿಟಕಿಯ ಆಚೆಯಿಂದ ಯಾರೋ ಮಾತಾಡುವುದು ಸಣ್ಣಗೆ ಕೇಳಿಸಿತು. ಸುಮ್ಮನಿರಿಸಲೆಂದು ಹೊರಗೆ ಬಂದ.

ಬೇವಿನ ಮರದ ಕಟ್ಟೆಯ ಮೇಲೆ ದುರುಗವ್ವ ಕೂತಿದ್ದಳು. ಒಳಗೆ ಫೋನು ಬಿಡುವುದಿಲ್ಲ. ಅನುಷಾಳ ಚೀಲ, ಬುತ್ತಿ, ಚಪ್ಪಲಿ ಅವಳ ಪಕ್ಕದಲ್ಲಿದ್ದವು, ಫೋನು ಕೈಯಲ್ಲಿತ್ತು. ಕೇಳಿಸುತ್ತಿದ್ದ ದನಿ ಅವನದೇ.

ಅವನನ್ನು ಕಂಡು ಅವಳು ಥಟ್ಟನೆ ಎದ್ದು ಸದ್ದು ತಗ್ಗಿಸಿದಳು. "ನನ್ನ ಹೆಸರಿಲೆ ಹಚ್ಚೀನ್ರಿ ಸರ್, ಮೊದಲ್ನೇ ಪಾಠದಿಂದ. ಆಕಿ ಪರೀಕ್ಷಾ ಮುಗಿಸಿ ಬರೂತನಕ ಟೈಮ್ ಐತಿ. ನೆಟ್ಟೂ ಫುಲ್ ಐತಿ."

ಪಂಪಾಪತಿ ಬಾಗಿ ನೋಡಿದ. ಪರದೆಯ ಮೇಲೆ ಅವನು ಬೆವರು ಒರೆಸಿಕೊಳ್ಳುತ್ತ ಸಸ್ಯಕೋಶದ ಚಿತ್ರ ಬರೆಯುತ್ತಿದ್ದ. ಮೇಲಿನ ಮೂಲೆಯಲ್ಲಿ ದುರುಗವ್ವ ಎಂದಿತ್ತು, ಅದರ ಪಕ್ಕದಲ್ಲಿ ಹದಿನೈದಕ್ಕೇ ಲಾಕ್ ಆಗಿಹೋದ ಲೆಕ್ಕ, ನೋಡಿದ ತಾಸು ಸೊನ್ನೆ. ಪಾಠ ಅರ್ಧ ಮುಗಿದಿತ್ತು.

"ಕುಂತು ನೋಡವ್ವ," ಎಂದ. ಅವಳು ಕೂತು, ಬಿಸಿಲು ಬೀಳದಂತೆ ಫೋನಿನ ಮೇಲೆ ಅಂಗೈ ಅಡ್ಡ ಹಿಡಿದಳು.