ಗೆಣಸು ಯಾವ ಸಾಲಿಗೆ?

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂತಾರಲ್ಲ, ಹಾಗಾಯಿತು. ವಿಜ್ಞಾನದ ಟೀಚರ್ ಮೆಟ್ಟಿಲಲ್ಲಿ ಜಾರಿ ಕಾಲು ಮುರಿದುಕೊಂಡರು. ಏಳನೇ ತರಗತಿಯ ಸಸ್ಯಪಾಠ ಡ್ರಿಲ್ ಮಾಸ್ತರರ ಕೊರಳಿಗೆ ಬಿತ್ತು. ಪಾಪ, ಎಡ-ಬಲ ಬಿಟ್ಟರೆ ಆ ಮನುಷ್ಯನಿಗೆ ಬೇರೇನು ಗೊತ್ತು!

ಬೇರೆ ತರಗತಿಯಾಗಿದ್ದರೆ ಹೇಗೋ ತಳ್ಳಿಬಿಡುತ್ತಿದ್ದರು. ಇಲ್ಲಿ ಮಗಳಿದ್ದಳು. ಮಗಳು ಅಂದರೆ, ಹೆಂಡತಿಯ ಮೊದಲ ಮದುವೆಯ ಮಗಳು. ಇವರನ್ನು ಕಟ್ಟಿಕೊಂಡು ತಾಯಿ ಈ ಮನೆಗೆ ಬಂದು ವರ್ಷವಾಗುತ್ತಾ ಬಂದರೂ ಹುಡುಗಿ ಮಾತ್ರ, “ಸಾರ್, ಅಮ್ಮ ಊಟಕ್ಕೆ ಕರೀತಿದಾಳೆ” ಅನ್ನುವುದನ್ನು ಬಿಟ್ಟಿರಲಿಲ್ಲ. ಒಂದೇ ಒಂದು ಸಲ ಅಪ್ಪ ಅಂದರೆ ಮಾಸ್ತರರಿಗೆ ಸಾಕಿತ್ತು. ಬಾಯಿಬಿಟ್ಟು ಕೇಳಲು ಮಾತ್ರ ಧೈರ್ಯವಿಲ್ಲ.

ಮಾಸ್ತರರು ತಮಗೆ ಬರುವ ರೀತಿಯಲ್ಲೇ ಪಾಠ ಶುರುಮಾಡಿದರು. ಮಣ್ಣಿನಡಿ ಬೆಳೆಯುವುದನ್ನು ಒಂದೊಂದು ತರಲು ಮಕ್ಕಳಿಗೆ ಹೇಳಿದ್ದರು. ಎಲ್ಲರನ್ನೂ ಮೈದಾನಕ್ಕೆ ಹೊರಡಿಸಿ ಸೀಟಿ ಊದಿದರು.

“ಬೇರು ಎಡಕ್ಕೆ! ಕಾಂಡ ಬಲಕ್ಕೆ!”

ಕ್ಯಾರೆಟ್, ಮೂಲಂಗಿ ಎಡಕ್ಕೆ ಓಡಿದವು. ಶುಂಠಿಗೆ ಗಿಣ್ಣಿದೆ, ಬಲಕ್ಕೆ. ಆಲೂಗಡ್ಡೆಯ ಮೈತುಂಬ ಕಣ್ಣು, ಕಣ್ಣಿನಲ್ಲಿ ಮೊಗ್ಗು. ಅದೂ ಕಾಂಡವೇ, ಬಲಕ್ಕೆ. ಪರವಾಗಿಲ್ಲ ಕಣಯ್ಯಾ ನೀನು ಅಂತ ಮಾಸ್ತರರು ತಮ್ಮ ಬೆನ್ನು ತಾವೇ ತಟ್ಟಿಕೊಳ್ಳುವಷ್ಟರಲ್ಲಿ ಮಗಳು ಗೆಣಸು ಹಿಡಿದುಕೊಂಡು ಬಂದಳು.

“ಆಲೂಗಡ್ಡೆ ಪಕ್ಕಕ್ಕೆ ಹೋಗು.”

“ಸಾರ್, ಗೆಣಸು ಬೇರು!” ಅಂದ ಶುಂಠಿ ಹಿಡಿದಿದ್ದ ಹುಡುಗ.

“ಹೌದಾ? ಹಾಗಾದ್ರೆ ಎಡಕ್ಕೆ ಬಾ.”

“ಮೊಳಕೆ ಬಂದಿದೆಯಲ್ಲ ಸಾರ್, ನೋಡಿ!” ಅಂದಳು ಮೂಲಂಗಿಯವಳು.

ಬಂದಿತ್ತು, ಕೆಂಪಗೆ, ಬೆರಳುದ್ದ. ಬೇರಿಗೆ ಮೊಳಕೆ ಯಾಕೆ ಬರಬೇಕು? “ಬಲಕ್ಕೆ ಹೋಗಮ್ಮ.”

“ಬೇರೂ ಕೆಲವು ಸಲ ಚಿಗುರುತ್ತೆ ಸಾರ್!” ಅಂದ ಮತ್ತೆ ಶುಂಠಿ ಹುಡುಗ.

ಮಾಸ್ತರರ ತಲೆ ಗಿರ್ ಅಂದಿತು. ಆಲೂಗಡ್ಡೆ, ಗೆಣಸು ಎರಡೂ ಮಣ್ಣೊಳಗೇ ದಪ್ಪವಾಗುತ್ತವೆ, ಎರಡೂ ಚಿಗುರುತ್ತವೆ, ಒಂದು ಕಾಂಡವಂತೆ, ಒಂದು ಬೇರಂತೆ! ಮತ್ತೆ ಎಡಕ್ಕೆ ಅಂದರು. ಹುಡುಗಿ ಆ ಕಡೆಯಿಂದ ಈ ಕಡೆ, ಈ ಕಡೆಯಿಂದ ಆ ಕಡೆ ಅಲೆದು ಕೆಂಪಗಾದಳು. ಎಲ್ಲರೂ ಬಿದ್ದೂಬಿದ್ದು ನಕ್ಕರು.

“ಎರಡೂ ಅಣ್ಣತಮ್ಮ ಅಲ್ವಾ ಸಾರ್?” ಅಂದ ಆಲೂಗಡ್ಡೆಯವನು.

ಇದೊಂದನ್ನು ಮಾಸ್ತರರು ಬೆಳಿಗ್ಗೆ ಬಾಯಿಪಾಠ ಮಾಡಿದ್ದರು. “ಅಲ್ಲಪ್ಪ. ಆಲೂಗಡ್ಡೆಗೆ ನೆಂಟರು ಬದನೆ, ಟೊಮೆಟೊ, ಮೆಣಸಿನಕಾಯಿ. ಗೆಣಸಿನ ಕುಲವೇ ಬೇರೆ. ಒಂದೇ ಬುಟ್ಟೀಲಿರ್ತವೆ ಅಷ್ಟೆ, ಸಂಬಂಧ ಏನೂ ಇಲ್ಲ.”

“ಓ, ನೀವೂ ಇವಳೂ ಇದ್ದ ಹಾಗೆ ಸಾರ್!” ಅಂದುಬಿಟ್ಟ ಶುಂಠಿ ಹುಡುಗ.

ನಗು ನಿಂತಿತು. ಮಾಸ್ತರರು ಸೀಟಿಯನ್ನು ಬಾಯಿಗಿಟ್ಟರು, ಊದದೆ ಕೆಳಗಿಳಿಸಿದರು. ಥೂ, ಹೇಳಿದ್ದು ನಾನೇ ಅಲ್ಲವೇ! ಗೆಣಸಿನ ಬಗ್ಗೆ ಹೇಳಿದೆನೋ, ಮಗುವಿನ ಬಗ್ಗೆ ಹೇಳಿದೆನೋ? ಹೌದು ಅನ್ನಲಾರರು, ಇಲ್ಲ ಅನ್ನಲು ತಮಗೇನು ಹಕ್ಕು ಅಂತಲೂ ಗೊತ್ತಿಲ್ಲ.

ಹುಡುಗಿ ಎರಡು ಸಾಲುಗಳ ನಡುವೆ ನಿಂತಿದ್ದಳು. ಶುಂಠಿ ಹುಡುಗನನ್ನು ದುರುಗುಟ್ಟಿಕೊಂಡು ನೋಡಿದಳು. ಆಮೇಲೆ ಇತ್ತ ತಿರುಗಿ ಎಲ್ಲರಿಗೂ ಕೇಳುವ ಹಾಗೆ ಕೂಗಿದಳು.

“ಅಪ್ಪಾ, ಓಡಾಡಿ ಓಡಾಡಿ ಕಾಲು ನೋಯ್ತಿದೆ. ಸರಿಯಾಗಿ ನೋಡಿ ಹೇಳಪ್ಪ, ಎಲ್ಲಿ ನಿಂತ್ಕೊಳ್ಲಿ?”

“ಇರು, ಇರು ಮಗಳೇ, ಪುಸ್ತಕ ನೋಡ್ತೀನಿ.”

ಮಾಸ್ತರರು ಪುಸ್ತಕ ತೆರೆದರು. ಹಾಳೆ ತಿರುವಿದರು, ಮತ್ತೆ ತಿರುವಿದರು. ಕಣ್ಣು ತುಂಬಿ ಬಂದು ಒಂದಕ್ಷರವೂ ಕಾಣಲಿಲ್ಲ. ಮಗಳು ಹತ್ತಿರ ಬಂದು ಪುಸ್ತಕವನ್ನು ತನ್ನ ಕಡೆಗೆ ತಿರುಗಿಸಿಕೊಂಡಳು.

“ಬೇರು ಅಂತಿದೆ,” ಅಂದು, ಎಡಗಡೆಯ ಸಾಲಿಗೆ ಹೋಗಿ ನಿಂತಳು.