ಗಂಗಾಂಬಿಕೆಯ ಕಣ್ಣು

ಹೊಳೆನರಸೀಪುರದಲ್ಲಿ ಸಣ್ಣತಾಯಮ್ಮನ ಮನೆಯಲ್ಲಿ ಖರ್ಚಾಗುವಷ್ಟು ಒಣಮೆಣಸಿನಕಾಯಿ ಮದುವೆ ಮನೆಯಲ್ಲೂ ಆಗುತ್ತಿರಲಿಲ್ಲ. ಹಾಗಂತ ಅವಳ ಸಾರೇನೂ ಖಾರವಲ್ಲ. ಏಳು ವರ್ಷದ ಮೊಮ್ಮಗಳು ಮೇಘಶ್ರೀಗೆ ಸಿಟ್ಟು ಮೂಗಿನ ತುದಿಯಲ್ಲೇ ಇತ್ತು, ಮೆಣಸಿನಕಾಯಿಯೆಲ್ಲ ಅದಕ್ಕೇ ಹೋಗುತ್ತಿತ್ತು.

ಮಗು ತಟ್ಟೆ ಎಸೆಯಿತೋ, ಅಜ್ಜಿ ಮುಷ್ಟಿಯಲ್ಲಿ ಉಪ್ಪು, ಮೆಣಸಿನಕಾಯಿ ಹಿಡಿದು ಹಾಜರು. ಊರ ಕಣ್ಣು, ಬೀದಿ ಕಣ್ಣು, ನಾಯಿ ಕಣ್ಣು, ನರಿ ಕಣ್ಣು ಎಂದು ಮೂರು ಸಲ ಇಳಿ ತೆಗೆದು, ಮೂರು ಸಲ ಉಗುಳಿಸಿ, ಎಲ್ಲವನ್ನೂ ಬಚ್ಚಲ ಒಲೆಗೆ ಹಾಕುವಳು. ಘಾಟು ಬರದಿದ್ದರೆ ದೃಷ್ಟಿ ಬಿದ್ದಿರುವುದು ಖಾತ್ರಿ. ಸೊಸೆ ಸ್ನೇಹಲತಾ ಕೆಮ್ಮುತ್ತ ಹಿತ್ತಲಿಗೆ ಓಡಿದರೂ ಸಣ್ಣತಾಯಮ್ಮನಿಗೆ ಘಾಟು ಬಂದದ್ದೇ ಇಲ್ಲ. ನಲವತ್ತು ವರ್ಷ ನಶ್ಯ ಏರಿಸಿದ ಮೂಗು ಅದು, ಅದಕ್ಕೆ ಏನು ತಾನೇ ತಿಳಿದೀತು.

ದೃಷ್ಟಿ ಯಾರದು ಎಂದು ಹುಡುಕಲು ಅವಳು ದೂರ ಹೋಗುತ್ತಿರಲಿಲ್ಲ. ಎದುರುಮನೆಯ ಗಂಗಾಂಬಿಕೆ ಬೆಳಿಗ್ಗೆ ತಾನೇ "ಮಗು ಎಷ್ಟ್ ಲಕ್ಷಣವಾಗೈತೆ" ಅಂದಿರುತ್ತಿದ್ದಳು. "ಆ ಗಂಗಕ್ಕನ ಕಣ್ಣೇ ಕಣವ್ವ" ಎಂದು ಮಗುವಿನ ಮುಂದೆಯೇ ತೀರ್ಪು ಕೊಟ್ಟುಬಿಡುವಳು. ಅದರಲ್ಲಿ ದ್ವೇಷವೇನಿರಲಿಲ್ಲ. ಇಬ್ಬರದು ಮೂವತ್ತು ವರ್ಷದ ಗೆಳೆತನ. ಸಂಡಿಗೆ ಹಾಕುವುದು ಒಂದೇ ತಾರಸಿಯ ಮೇಲೆ, ಹಾಸನದ ಆಸ್ಪತ್ರೆಗೆ ಹೋಗುವುದು ಬಸ್ಸಿನ ಒಂದೇ ಸೀಟಿನಲ್ಲಿ ಕೂತು.

ಸೋಮವಾರ ಶಾಲೆಯಲ್ಲಿ ಮೇಘಶ್ರೀ ಗಂಗಾಂಬಿಕೆಯ ಮೊಮ್ಮಗಳು ಮಾನಸಾಳ ಹಣೆಗೆ ಊಟದ ಡಬ್ಬಿಯಲ್ಲಿ ಬಾರಿಸಿದಳು. ಯಾಕೆ ಹೊಡೆದೆ ಎಂದು ಮಿಸ್ ಗದರಿಸಿದರೆ ಹುಡುಗಿ ಒಂದಿಷ್ಟೂ ಅಳುಕಲಿಲ್ಲ.

"ನಾನಲ್ಲ ಮಿಸ್. ಮಾನಸನ ಅಜ್ಜಿ ಕಣ್ಣು ಬಿದ್ದೈತೆ. ನಮ್ಮಜ್ಜಿ ಯೋಳೈತೆ."

ಹಣೆಯ ಬುಗುಟು, ಈ ಮಾತು ಎರಡೂ ಒಟ್ಟಿಗೇ ಎದುರುಮನೆಗೆ ಬಂದವು. ಅವತ್ತು ಸಂಜೆ ಗಂಗಾಂಬಿಕೆಯ ಬಾಗಿಲು ಮುಚ್ಚಿತು. ಮಂಗಳವಾರ ಅವಳು ಹಾಸನಕ್ಕೆ ಒಬ್ಬಳೇ ಹೋಗಿಬಂದಳು. ಸಣ್ಣತಾಯಮ್ಮನಿಗೆ ಅನ್ನ ಸೇರಲಿಲ್ಲ. ಗಂಗಕ್ಕ ಇಲ್ಲದ ಬೀದಿಯಲ್ಲಿ ತಾನು ಯಾರ ಜೊತೆ ಮಾತಾಡಿ ಸಾಯಲಿ ಎಂದು ನಿಜವಾಗಿಯೂ ಹೆದರಿದಳು.

ಬುಧವಾರ ಮೊಮ್ಮಗಳ ಕೈ ಹಿಡಿದು ಎದುರುಮನೆಗೆ ಹೊರಟಳು.

ಗಂಗಾಂಬಿಕೆ ಬಾಗಿಲು ತೆಗೆದಳು, ದಾರಿ ಬಿಡಲಿಲ್ಲ. "ಯಾಕ್ ಬಂದೆ ತಾಯಿ? ನನ್ ಕಣ್ಣು ಬಿದ್ದಾತು, ಮಗೀನ ಸೆರಗಲ್ಲಿ ಮುಚ್ಕೊ."

ಸಣ್ಣತಾಯಮ್ಮನಿಗೆ ಚುರ್ರೆಂದಿತು. ಮೂವತ್ತು ವರ್ಷದ್ದನ್ನೆಲ್ಲ ಎತ್ತಿ ಆಡಿ ತಿರುಗಿ ಹೋಗೋಣ ಎನಿಸಿತು. ಮೊಮ್ಮಗಳ ಮೂಗಿನ ತುದಿಯ ಸಿಟ್ಟು ಯಾರ ಕಡೆಯಿಂದ ಬಂದ ಆಸ್ತಿ ಎಂಬುದು ಬೀದಿಗೆಲ್ಲ ಗೊತ್ತಿತ್ತು. ಪಕ್ಕದಲ್ಲಿ ಮೇಘಶ್ರೀ ಕತ್ತೆತ್ತಿ ಅವಳ ಮುಖವನ್ನೇ ನೋಡುತ್ತಿದ್ದಳು.

"ನಂಗೂ ಸಿಟ್ಟು ಬತ್ತಾ ಐತೆ ಗಂಗಕ್ಕ, ಒಸಿ ತಡಿ" ಎಂದು ಸಣ್ಣತಾಯಮ್ಮ ಜಗಲಿಯ ಮೇಲೆ ಕೂತಳು. ಉಸಿರು ಹದಕ್ಕೆ ಬಂದ ಮೇಲೆ ಹೇಳಿದಳು, "ನಿನ್ ಕಣ್ಣಲ್ಲಿ ಏನೂ ಇಲ್ಲ. ಈ ಮಗೀಗೆ ಸಿಟ್ಟು ಬಂದ್ರೆ ಏನ್ಮಾಡ್ಬೇಕು ಅಂತ ನಂಗೆ ತಿಳೀಲಿಲ್ಲ. ಅದ್ಕೆ ನಿನ್ ತಲೆಗೆ ಕಟ್ಬುಟ್ಟೆ. ತಪ್ಪಾಯ್ತು ಕಣವ್ವ."

ಗಂಗಾಂಬಿಕೆ ಮೇಘಶ್ರೀಯ ಕಡೆ ನೋಡಿದಳು. "ಅಲ್ಲ ಕಣೆ, ಯಾಕ್ ಹೊಡ್ದೆ ಅಂತ ಮಗೀನ ಒಂದ್ ಸಲನಾರ ಕೇಳಿದ್ಯಾ?"

ಸಣ್ಣತಾಯಮ್ಮ ಅಷ್ಟೊಂದು ಮೆಣಸಿನಕಾಯಿ ಸುಟ್ಟಿದ್ದಳು, ಇದೊಂದನ್ನು ಕೇಳಿರಲಿಲ್ಲ. ಮೊಮ್ಮಗಳ ಕಡೆ ತಿರುಗಿ ಮೆಲ್ಲಗೆ ಕೇಳಿದಳು, "ಯಾಕವ್ವ ಹೊಡ್ದೆ?"

ಅಭ್ಯಾಸಬಲದಿಂದ ಮೇಘಶ್ರೀ ಉಗುಳಲು ಸಿದ್ಧಳಾದಳು. ಅಜ್ಜಿಯ ಮುಷ್ಟಿ ಖಾಲಿಯಿದ್ದದ್ದು ಕಂಡು ತಬ್ಬಿಬ್ಬಾದಳು.

"ನಾನು ಆನೆ ಬರ್ದಿದ್ದೆ. ಮಾನಸ ಎಮ್ಮೆ ಅಂದ್ಲು. ಎಲ್ಲಾರೂ ನಕ್ಬುಟ್ರು. ನಂಗೆ ಅಳು ಬಂತು. ಅದ್ಕೆ ಹೊಡ್ದೆ." ಅಜ್ಜಿಯ ಸೆರಗು ಹಿಡಿದು ಸೇರಿಸಿದಳು, "ಕಣ್ಣು ಯಾರ್ದೂ ಅಲ್ಲ ಅಜ್ಜಿ. ನಾನೇ ಹೊಡ್ದಿದ್ದು."

ಗಂಗಾಂಬಿಕೆಯ ಹಿಂದಿನಿಂದ ಬುಗುಟಿನ ಹಣೆಯೊಂದು ಇಣುಕಿತು. "ಸೊಂಡ್ಲೇ ಇರ್ಲಿಲ್ಲ ಅದ್ಕೆ."

"ಇನ್ನೂ ಬರೀತಾ ಇದ್ದೆ" ಎಂದ ಮೇಘಶ್ರೀ ಸೋಮವಾರದಿಂದ ತಡೆದಿಟ್ಟುಕೊಂಡಿದ್ದನ್ನೆಲ್ಲ ಒಟ್ಟಿಗೇ ಅತ್ತುಬಿಟ್ಟಳು. ಸಣ್ಣತಾಯಮ್ಮ ಸುಮ್ಮನಿರು ಎನ್ನಲಿಲ್ಲ, ಅವಳನ್ನು ಮಡಿಲಿಗೆ ಎಳೆದುಕೊಂಡು ಅಳು ಮುಗಿಯುವವರೆಗೂ ಅಲ್ಲೇ ಕೂತಿದ್ದಳು. ಗಂಗಾಂಬಿಕೆಯೂ ಬಾಗಿಲು ಬಿಟ್ಟು ಬಂದು ಪಕ್ಕದಲ್ಲಿ ಕೂತಳು.